ಚುಕ್ಕೆ ಮಾಯವಾದರೆ ಗುಣವಾದಂತಲ್ಲ: ಮುಂಬೈ ಫ್ಲ್ಯಾಟಿನಲ್ಲಿ ಉಪ್ಪುನೀರಿನ ಇಚ್

ಸಿಹಿನೀರಿನ ಅಕ್ವೇರಿಯಂನಲ್ಲಿ ಪಳಗಿದವರು ಕಡಲಮೀನಿಗೆ ಬಂದಾಗ ಮೊದಲು ಎಡವುವುದು ಇಚ್, ಅಂದರೆ ಮೈಮೇಲೆ ಬಿಳಿ ಚುಕ್ಕೆ ಬರಿಸುವ ಪರಾವಲಂಬಿ ರೋಗದ ವಿಷಯದಲ್ಲೇ. ಅಲ್ಲಿ ನೀರನ್ನು 30 ಡಿಗ್ರಿಗೆ ಏರಿಸಿ ಹಿಡಿ ಕಲ್ಲುಪ್ಪು ಹಾಕಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಇಲ್ಲಿ ಎರಡೂ ನಡೆಯವು. ಕಡಲಮೀನಿಗೆ ಅಂಟುವ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಉಪ್ಪುನೀರಿನದೇ ಜೀವಿ, ಬೆಚ್ಚನೆಯ ಕಡಲಿನದು. ನಮ್ಮ ಮೇ ತಿಂಗಳ ಸೆಕೆ ಅದಕ್ಕೆ ಹಿತವೇ.

ಮೀನಿನ ಮೇಲೆ ಉಪ್ಪಿನ ಕಾಳಿನಂತೆ ಕಾಣುವ ಚುಕ್ಕೆ ಅದರ ಬದುಕಿನ ಒಂದು ಘಟ್ಟ ಮಾತ್ರ. ಚರ್ಮದೊಳಗೆ 3ರಿಂದ 7 ದಿನ ಉಂಡು, ಹೆಚ್ಚಾಗಿ ಕತ್ತಲಲ್ಲಿ, ಕಳಚಿ ಕೆಳಗಿಳಿಯುತ್ತದೆ. ಕಲ್ಲಿಗೋ ಮರಳಿಗೋ ಗಾಜಿಗೋ ಅಂಟಿ ಸುತ್ತ ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೆ ನೂರಾರು ಮರಿಗಳು ಹುಟ್ಟಿ ಹೊರಬಂದು ಒಂದೆರಡು ದಿನದೊಳಗೆ ಮೀನು ಹುಡುಕುತ್ತವೆ, ಸಿಗದಿದ್ದರೆ ಸಾಯುತ್ತವೆ. ಔಷಧಿ ತಾಗುವುದು ಈ ಈಜಾಡುವ ಮರಿಗಳಿಗೆ ಮಾತ್ರ. ಚರ್ಮದೊಳಗಿನದಕ್ಕೂ ಕೋಶದೊಳಗಿನದಕ್ಕೂ ತಾಗದು. ಹಾಗಾಗಿ ರಾತ್ರಿ ಮೈಮೇಲೆ ಚುಕ್ಕೆಯಿದ್ದ ಬ್ಲೂ ಟ್ಯಾಂಗ್ ಮೀನು ಬೆಳಿಗ್ಗೆ ಫಳಫಳ ಹೊಳೆಯುತ್ತಿದ್ದರೆ ಬೆಳ್ಳುಳ್ಳಿ ರಸಕ್ಕೋ 'ರೀಫ್ ಸೇಫ್' (ಹವಳಕ್ಕೆ ಹಾನಿಯಿಲ್ಲ) ಎಂದು ಬರೆದ ಔಷಧಿ ಬಾಟಲಿಗೋ ಯಶಸ್ಸು ಕೊಡಬೇಡಿ. ವಾರದಲ್ಲಿ ಚುಕ್ಕೆ ಇಮ್ಮಡಿಯಾಗಿ ಬರುತ್ತದೆ. ಕ್ಲೀನರ್ ಸೀಗಡಿಯನ್ನೂ ನಂಬಬೇಡಿ, ಚರ್ಮದ ಅಡಿಯಲ್ಲಿ ಕೂತದ್ದನ್ನು ಅದು ಕೀಳಲಾರದು.

ಚಿಕಿತ್ಸೆಗೆ ಮೊದಲು ರೋಗ ಯಾವುದೆಂದು ಖಚಿತ ಮಾಡಿಕೊಳ್ಳಿ. ಎಣಿಸಬಹುದಾದ ಚುಕ್ಕೆ, ಮೈ ಉಜ್ಜಿಕೊಳ್ಳುವುದು, ಆದರೂ ಊಟಕ್ಕೆ ಬರುವುದು ಇಚ್. ಹಿಟ್ಟು ಉದುರಿಸಿದಂಥ ಧೂಳು, ಏದುಸಿರು, ಪಂಪಿನ ಹರಿವಿನೆದುರು ನಿಲ್ಲುವುದು, ಊಟ ಬಿಡುವುದು ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗ. ವೆಲ್ವೆಟ್ ದಿನಗಳಲ್ಲೇ ಕೊಲ್ಲುತ್ತದೆ, ಮುಂದೆ ಹೇಳುವ ಟಬ್ ವಿಧಾನ ಅದಕ್ಕೆ ಸಾಲದು. ನೇರವಾಗಿ ತಾಮ್ರದ ಔಷಧಿಗೆ ಹೋಗಬೇಕು.

ಇಚ್‌ಗೆ ನಾನು ಮೊದಲು ನೆಚ್ಚುವುದು ಟಬ್ ಬದಲಿಸುವುದನ್ನೇ. ಔಷಧಿ ಬೇಡ, ಚಿಕ್ಕ ಫ್ಲ್ಯಾಟಿನಲ್ಲೂ ಆಗುತ್ತದೆ. 40 ಲೀಟರಿನ ಎರಡು ಪ್ಲಾಸ್ಟಿಕ್ ಟಬ್. ಪ್ರತಿಯೊಂದಕ್ಕೂ ಬೇರೆ ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು), ಬೇರೆ ಕೊಳವೆ, ಬೇರೆ ಹೀಟರ್, ಅಡಗಲು ಪಿವಿಸಿ ಪೈಪಿನ ತುಂಡು. ಮೊದಲ ದಿನ ಮೀನು ಒಂದನೆಯ ಟಬ್ಬಿಗೆ. 4, 7, 10ನೇ ದಿನ ಬೆಳಿಗ್ಗೆ, ದೀಪ ಹಾಕುವ ಮೊದಲೇ, ಹೊಸ ನೀರಿನ ಇನ್ನೊಂದು ಟಬ್ಬಿಗೆ. 13ನೇ ದಿನ ರೋಗವಿಲ್ಲದ ಕ್ವಾರಂಟೈನ್ ಟ್ಯಾಂಕಿಗೆ. ರಾತ್ರಿ ಕಳಚಿದ್ದೆಲ್ಲ ಹಳೆಯ ಟಬ್ಬಿನ ತಳದಲ್ಲೇ ಉಳಿಯಲಿ ಎಂದು ಬೆಳಗಿನ ಹೊತ್ತು. ಕೋಶ ಒಡೆದು ಮರಿ ಹೊರಬರಲು ಸಾಮಾನ್ಯವಾಗಿ 3 ದಿನ ಬೇಕು, ಅಷ್ಟರೊಳಗೆ ಮೀನು ಅಲ್ಲಿರಬಾರದು. 72 ಗಂಟೆ ದಾಟಿಸಬೇಡಿ, ಎರಡು ತಾಸು ಮೊದಲಾದರೆ ಒಳ್ಳೆಯದೇ. ನೀರು ಬಿಸಿಯಾದಷ್ಟೂ ಈ ಚಕ್ರ ಬೇಗ ತಿರುಗುತ್ತದೆ, ಟಬ್ಬನ್ನು 26–27 ಡಿಗ್ರಿಯಲ್ಲಿಡಿ. ಬೇಸಿಗೆಯಲ್ಲಿ ಟಬ್ಬಿಗೆ ಫ್ಯಾನ್ ಹಿಡಿದರೆ ತಣ್ಣಗಾಗುತ್ತದೆ, ಜೊತೆಗೆ ನೀರು ಆರಿ ಉಪ್ಪಿನಂಶ ಏರುತ್ತದೆ. ದಿನಾ ಆರ್‌ಓ ನೀರು ಸೇರಿಸಿ ಸರಿಮಾಡಿ. ಮೀನನ್ನು ಪ್ಲಾಸ್ಟಿಕ್ ಜರಡಿಯಲ್ಲಿ ಎತ್ತಿ, ನೀರು ಬಸಿದು ಬಿಡಿ. ಜೊತೆಗೆ ಒಂದು ಲೋಟ ಹಳೆಯ ನೀರು ಹೋದರೂ ಮಾಡಿದ್ದು ವ್ಯರ್ಥವಾಗಬಹುದು.

ನಾಲ್ಕು ಸಲ ಟಬ್ ತುಂಬಲು 160 ಲೀಟರ್ ಆರ್‌ಓ ನೀರು, ಲೀಟರಿಗೆ ಸುಮಾರು 37 ಗ್ರಾಂ ಸಾಲ್ಟ್ ಮಿಕ್ಸ್‌ನಂತೆ (ಅಕ್ವೇರಿಯಂಗೆಂದೇ ಮಾರುವ ಕಡಲುಪ್ಪು) 6 ಕಿಲೋ ಉಪ್ಪು. ಹಿಂದಿನ ದಿನವೇ ಕಲಸಿ, ಪಂಪ್ ಹಾಕಿ ಬಿಡಿ. ಜುಹುವಿನಿಂದಲೋ ವರ್ಸೋವಾದಿಂದಲೋ ಕ್ಯಾನಿನಲ್ಲಿ ತಂದ ಕಡಲನೀರು ಬೇಡ. ಅದರಲ್ಲಿ ನಗರದ ಕೊಳಚೆ ಸೇರಿದೆ, ಮಳೆಗಾಲದಲ್ಲಿ ಉಪ್ಪೂ ಇಳಿದಿರುತ್ತದೆ.

ಹೊಸದಾಗಿ ಕೊಂಡ ಮೀನನ್ನೂ ಇದೇ ಟಬ್ಬುಗಳಿಂದ ದಾಟಿಸುತ್ತೇನೆ. ಎಷ್ಟೋ ಅಂಗಡಿಗಳು ಟ್ಯಾಂಕಿನ ಉಪ್ಪುನೀರಿನ ಸಾಪೇಕ್ಷ ಸಾಂದ್ರತೆಯನ್ನು 1.018–1.020ರಲ್ಲಿಟ್ಟಿರುತ್ತವೆ. ಕುರ್ಲಾದಿಂದಲೋ ಕ್ರಾಫರ್ಡ್ ಮಾರ್ಕೆಟ್ಟಿನಿಂದಲೋ ತಂದ ಚೀಲದ ನೀರನ್ನು ಉಪ್ಪಿನಂಶ ತೋರಿಸುವ ರಿಫ್ರ್ಯಾಕ್ಟೋಮೀಟರಿನಲ್ಲಿ ಅಳೆದು, ಮೊದಲ ಟಬ್ಬನ್ನು ಅಷ್ಟಕ್ಕೇ ಹೊಂದಿಸಿ, ಮುಂದಿನ ಪ್ರತಿ ಟಬ್ಬಿನಲ್ಲಿ 0.002 ಏರಿಸುತ್ತ ಹೋಗುತ್ತೇನೆ. ಚೀಲವನ್ನು ಹದಿನೈದು ನಿಮಿಷ ತೇಲಿಸಿದರೆ ಸಾಕು. ತೆರೆದ ಚೀಲಕ್ಕೆ ತಾಸುಗಟ್ಟಲೆ ಹನಿಹನಿ ನೀರು ಬಿಡುವುದು ಅಪಾಯ. ಬಾಯಿ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಲೋಕಲ್ ಟ್ರೈನಿನ ದಾರಿಯುದ್ದಕ್ಕೂ ಸುಮ್ಮನಿದ್ದ ಅಮೋನಿಯಾ ಆಗ ವಿಷವಾಗುತ್ತದೆ.

ಟಬ್ಬಿನಲ್ಲಿ ಫಿಲ್ಟರ್ ಇಲ್ಲದ್ದರಿಂದ ಮೂರನೆಯ ದಿನಕ್ಕೆ ಅಮೋನಿಯಾ ಕಾಡುತ್ತದೆ. ಸ್ಪಂಜನ್ನು ಟಬ್ಬಿನಿಂದ ಟಬ್ಬಿಗೆ ಒಯ್ದರೆ ಕೋಶಗಳೂ ಜೊತೆಗೆ ಬರುತ್ತವೆ. ಊಟ ಮಿತವಾಗಿರಲಿ, ಉಳಿದದ್ದನ್ನು ಆಗಲೇ ಹೀರಿ ತೆಗೆಯಿರಿ, ಬೇಕಾದರೆ ಅಮೋನಿಯಾದ ವಿಷ ತಗ್ಗಿಸುವ ಪ್ರೈಮ್ ದ್ರಾವಣ ಹಾಕಿ.

ಖಾಲಿ ಟಬ್ಬನ್ನು ತೊಳೆದು ಪೂರ್ತಿ ಒಣಗಿಸಬೇಕು ಅನ್ನುವುದು ಬರೆಯಲು ಸುಲಭ. ಜುಲೈಯಲ್ಲಿ ಟವೆಲ್ಲೇ ಒಣಗದ ಊರಿದು. ಬ್ಲೀಚ್ ನೀರಿನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು, ಟಬ್ಬು, ಪೈಪು, ಹೀಟರ್, ಜರಡಿ ಎಲ್ಲವನ್ನೂ ಫ್ಯಾನಿನಡಿ ಒಂದು ದಿನ ಪೂರ್ತಿ ಇಡಿ. ಏರ್ ಸ್ಟೋನಿನ ತೂತುಗಳಲ್ಲಿ ತೇವ ಉಳಿಯುತ್ತದೆ. ಅಗ್ಗದ ವಸ್ತು, ಪ್ರತಿ ಸಲ ಹೊಸದು ಹಾಕಿ. ಎರಡು ಟಬ್ಬಿನ ನಡುವೆ ನೀರು ಸಿಡಿಯದಷ್ಟು ದೂರವಿರಲಿ. ಒದ್ದೆ ಕೈಯೂ ರೋಗ ಒಯ್ಯುತ್ತದೆ.

ಮೀನು ಹೆಚ್ಚಿದ್ದರೆ ಅಥವಾ ವೆಲ್ವೆಟ್ ಗುಮಾನಿಯಿದ್ದರೆ ತಾಮ್ರ. ಕುಪ್ರಮೀನ್ ಎಂಬ ತಾಮ್ರದ ಔಷಧಿಯಾದರೆ 40 ಲೀಟರಿಗೆ 1 ಮಿಲಿ, 48 ಗಂಟೆ ಬಿಟ್ಟು ಇನ್ನೊಂದು 1 ಮಿಲಿ. ಆಗ ಲೀಟರಿಗೆ 0.5 ಮಿಗ್ರಾಂ ಆಗುತ್ತದೆ. 14 ದಿನ ಅದೇ ಮಟ್ಟದಲ್ಲಿಟ್ಟು ಬೇರೆ ಶುದ್ಧ ಟ್ಯಾಂಕಿಗೆ ಸಾಗಿಸಿ. ಅಲ್ಲೇ ಉಳಿಸುವುದಾದರೆ 30 ದಿನ ಹಿಡಿಯುತ್ತೇನೆ. ಕೀಲೇಟೆಡ್ (ಇನ್ನೊಂದು ಅಣುವಿಗೆ ಬಂಧಿಸಿದ) ತಾಮ್ರದ ಲೆಕ್ಕವೇ ಬೇರೆ, ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಬೇಡಿ. ಕಲ್ಲು, ಮರಳು ತಾಮ್ರ ಹೀರುತ್ತವೆ, ಟ್ಯಾಂಕ್ ಬೋಳಾಗಿರಲಿ. ಮಟ್ಟ ಇಳಿದರೆ ಪರಾವಲಂಬಿ ಉಳಿಯುತ್ತದೆ, ಏರಿದರೆ ಮೀನು ಸಾಯುತ್ತದೆ. ಅಳತೆ ಉಪಕರಣ ಇಲ್ಲದೆ ತಾಮ್ರ ಮುಟ್ಟಬೇಡಿ. ಟಬ್ಬಿನಲ್ಲಿ ಕೈಹಿಡಿದ ಪ್ರೈಮ್ ಇಲ್ಲಿ ಕೂಡದು, ಕುಪ್ರಮೀನ್ ಜೊತೆ ಸೇರಿದರೆ ತಾಮ್ರ ಇನ್ನಷ್ಟು ವಿಷವಾಗುತ್ತದೆ.

ಇತ್ತ ಮುಖ್ಯ ಟ್ಯಾಂಕಿನಲ್ಲಿ 76 ದಿನ ಒಂದೇ ಒಂದು ಮೀನೂ ಇರಬಾರದು. ಕೋಶ ಒಡೆಯಲು 72 ದಿನ ಹಿಡಿದ ದಾಖಲೆ ಇರುವುದರಿಂದ ಆ ಲೆಕ್ಕ. ಹವಳ, ಬಸವನಹುಳು, ಸೀಗಡಿ ಇರಲಿ, ಅವಕ್ಕೆ ಇಚ್ ಬಾರದು. ಹುಳು-ಸೀಗಡಿಗೆ ವಾರಕ್ಕೆ ಎರಡು ಸಲ ಚಿಟಿಕೆ ಆಹಾರ ಹಾಕಿ. ಕಲ್ಲಿನ ಸಂದಿಯಲ್ಲಿ ಒಂದು ಪುಟ್ಟ ಗೋಬಿ ಮೀನು ಉಳಿದರೂ ಎಣಿಕೆ ಶುರುವಾಗಿಲ್ಲ ಎಂದೇ ತಿಳಿಯಿರಿ.

ಮೀನು ಬಿಟ್ಟು ಉಳಿದದ್ದನ್ನು ಎಷ್ಟೋ ಜನ ಕ್ವಾರಂಟೈನ್ ಮಾಡುವುದಿಲ್ಲ, ರೋಗ ಮರಳಿ ಅಲ್ಲಿಂದಲೂ ಬರಬಹುದು. ಬಸವನಹುಳುವಿನ ಚಿಪ್ಪು, ಲೈವ್ ರಾಕ್ (ಜೀವಿಗಳು ನೆಲೆಸಿದ ಕಡಲಕಲ್ಲು), ಗೆಳೆಯರು ಕೊಟ್ಟ ಪಾಚಿ, ಯಾವುದರ ಮೇಲೂ ಕೋಶ ಕೂತಿರಬಹುದು. ಇವನ್ನೆಲ್ಲ ಮೀನಿಲ್ಲದ ಪ್ರತ್ಯೇಕ ಟಬ್ಬಿನಲ್ಲಿ ಅದೇ 76 ದಿನ ಇಟ್ಟು, ಆಮೇಲೆ ಒಳಗೆ ಬಿಡುತ್ತೇನೆ. ಆ ಟಬ್ಬಿಗೆ ನಡುವೆ ಇನ್ನೊಂದು ಹುಳು ಸೇರಿಸಿದರೆ ಎಣಿಕೆ ಮತ್ತೆ ಒಂದರಿಂದ.