ಹೊಳಹುಗಳಿಗೂ ಒಬ್ಬ ರೈಟರ್ ಬೇಕು

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ‘ರೈಟರ್’ ಎಂದರೆ ಕತೆ ಬರೆಯುವವರಲ್ಲ. ಆಳುಗಳ ಹಾಜರಿ, ಕೊಯ್ಲಿನ ತೂಕ, ಮಳೆಯ ಲೆಕ್ಕ ಬರೆಯುವವರು. ಮಳೆಮಾಪಕದ ನೀರನ್ನು ಬೆಳಿಗ್ಗೆ ಅಳೆದು ಇಂಚು, ಸೆಂಟುಗಳಲ್ಲಿ ಗುರುತು ಹಾಕುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಕತೆ, ಚಿತ್ರ, ಹೊಸ ಅಡುಗೆ, ಅಂಗಡಿಗೊಂದು ಹೆಸರು, ಏನೇ ಹೊಳೆಯಲಿ, ಅದನ್ನು ಬರೆದಿಡುವ ಪುಸ್ತಕಕ್ಕೆ ಈ ಮಳೆಯ ಪುಸ್ತಕಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ.

ಮೊದಲು ಪುಸ್ತಕ. ಅಂಗಿಯ ಜೇಬಿಗೆ ಹಿಡಿಸುವಂಥದ್ದು, ದಾರದಲ್ಲಿ ಹೊಲಿದದ್ದು, ಅಗ್ಗದ್ದು. ಚರ್ಮದ ರಟ್ಟಿನ ದುಬಾರಿ ಪುಸ್ತಕ ತಂದವರು ‘ಒಳ್ಳೆಯದೇನಾದರೂ ಹೊಳೆಯಲಿ, ಬರೆಯೋಣ’ ಎಂದು ಕಾಯುತ್ತಾರೆ. ನನ್ನ ಬಳಿ ಅಂಥದ್ದೊಂದು ಆರು ವರ್ಷದಿಂದ ಖಾಲಿ ಇದೆ.

ಬರೆಯಲು ಪೆನ್ಸಿಲ್. ಇದರಲ್ಲಿ ನನ್ನದು ಹಟ. ಒಂದು ಆಷಾಢದಲ್ಲಿ ಮೂಡಿಗೆರೆಯಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯ ಎರಚಲು ಚೀಲದೊಳಕ್ಕೆ ಇಳಿದು, ಇಂಕ್ ಪೆನ್ನಿನಲ್ಲಿ ಬರೆದಿದ್ದ ಮೂರು ತಿಂಗಳ ಪುಟಗಳೆಲ್ಲ ನೀಲಿ ನೀರಾದವು. ನಡುವೆ ಪೆನ್ಸಿಲ್ಲಿನಲ್ಲಿ ಗೀಚಿದ್ದ ನಾಲ್ಕು ಸಾಲು ಮಾತ್ರ ಹಾಗೇ ಉಳಿದಿದ್ದವು. ಗ್ರಾಫೈಟ್ ನೀರಿನಲ್ಲಿ ಕರಗುವುದಿಲ್ಲ.

ಹೊಳೆದದ್ದನ್ನು ಆಗಲೇ ಬರೆಯಿರಿ. ಚಿಕ್ಕಮಗಳೂರಿನ ಬಸ್ ನಿಲ್ದಾಣದಲ್ಲಿ ಹೊಳೆದದ್ದು ಕಡೂರು ಮುಟ್ಟುವ ಹೊತ್ತಿಗೆ ತಲೆಯಲ್ಲಿ ಇರುವುದಿಲ್ಲ. ತಾರೀಖು, ಜಾಗ, ಆಮೇಲೆ ಒಂದೆರಡು ಸಾಲು ಸಾಕು. ಆದರೆ ಆ ಸಾಲಿನಲ್ಲಿ ಕಣ್ಣಿಗೆ ಬಿದ್ದದ್ದು ಇರಬೇಕು. ‘ಸಂತೆಯಲ್ಲಿ ಬಡತನ ಕಂಡು ಮನಸ್ಸು ಮರುಗಿತು, ಕತೆ ಮಾಡಬಹುದು’ ಎಂದು ನಾನು ಬರೆದದ್ದು ಇವತ್ತಿಗೂ ಅಲ್ಲೇ ಬಿದ್ದಿದೆ. ಅದೇ ಪುಟದ ಕೆಳಗೆ ಇನ್ನೊಂದಿದೆ: ‘ಸಂತೆ, ಸಂಜೆ ಐದು. ಅಜ್ಜಿ ಹಸಿಮೆಣಸಿನಕಾಯಿ ತೂಗಿ, ಒಂದು ಕಾಯಿ ವಾಪಸ್ ತೆಗೆದು, ಯೋಚಿಸಿ, ಎರಡು ಹಾಕಿದಳು.’ ಕತೆಯಾದದ್ದು ಈ ಅಜ್ಜಿ.

ಬಲಪುಟದಲ್ಲಿ ಮಾತ್ರ ಬರೆದು ಎಡಪುಟ ಖಾಲಿ ಬಿಡಿ; ಕಾಗದ ದಂಡ ಎನ್ನಬೇಡಿ. ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಮಳೆ, ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದಲ್ಲ, ಅಷ್ಟು ದಿನ ಬಿಟ್ಟು ತೆಗೆದು ಓದಿ. ಆಗ ತೋಚಿದ್ದಕ್ಕೆ ಎಡಪುಟ. ಹಳೆಯ ಸಾಲನ್ನು ಹೊಡೆದುಹಾಕಬೇಡಿ. ಆ ಸಂತೆಯ ಅಜ್ಜಿಯ ಎದುರು ಪುಟದಲ್ಲಿ ‘ಎರಡನೆಯ ಕಾಯಿ ಯಾಕೆ?’ ಎಂದಷ್ಟೇ ಇದೆ. ಕತೆ ಶುರುವಾದದ್ದು ಅಲ್ಲಿಂದ.

ಪ್ರತಿ ನಮೂದಿಗೂ ಸಂಖ್ಯೆ ಹಾಕಿ, ಕೊನೆಯ ಎರಡು ಪುಟದಲ್ಲಿ ‘ಅಡುಗೆ: 4, 19’ ಎಂಬಂತೆ ಪಟ್ಟಿ ಮಾಡಿಕೊಳ್ಳಿ. ವಿಜ್ಞಾನಿ ಮೈಕೇಲ್ ಫ್ಯಾರಡೆ ಪ್ರಯೋಗಗಳ ದಿನಚರಿಯಲ್ಲಿ ಪ್ಯಾರಾ ಪ್ಯಾರಾಕ್ಕೂ ಸಂಖ್ಯೆ ಕೊಡುತ್ತಿದ್ದ; ಅದು 16,000 ದಾಟಿತ್ತು. ನಮ್ಮದು ನೂರು ದಾಟಿದರೂ ಪಟ್ಟಿಯಿಲ್ಲದೆ ಹುಡುಕುವುದು ಕಷ್ಟವೇ.

ಏನೂ ಹೊಳೆಯದ ದಿನ? ಮಳೆ ಬಾರದ ದಿನ ರೈಟರ್ ತಾರೀಖಿನ ಎದುರು ಸೊನ್ನೆ ಹಾಕುತ್ತಾರೆ. ನಾನೂ ಅದನ್ನೇ ಮಾಡುತ್ತೇನೆ. ಕಳೆದ ಫೆಬ್ರವರಿಯಲ್ಲಿ ಸಾಲಾಗಿ ಹನ್ನೊಂದು ಸೊನ್ನೆಗಳಿವೆ.