ಅಣಬೆ ಬೆಳೆಯಲು ಹುಲ್ಲು ಹದ ಮಾಡುವುದು ಹೇಗೆ?

ಭದ್ರಾ ನಾಲೆ ನೀರು ಹರಿಯುವ ಕಡೆ ಭತ್ತದ ಹುಲ್ಲಿಗೇನು ಬರವಿಲ್ಲ. ದಾವಣಗೆರೆಯಿಂದ ಹರಿಹರ, ಮಲೇಬೆನ್ನೂರಿನ ದಾರಿ ಹಿಡಿದರೆ ಸುಗ್ಗಿ ಮುಗಿದ ಮೇಲೆ ಊರೂರಲ್ಲೂ ಬಣವೆಗಳು. ಅದರಲ್ಲಿ 2 ಕೆ.ಜಿ. ಒಣ ಹುಲ್ಲು ಸಿಕ್ಕರೆ ಸಾಕು, ಮನೆಯ ಮೂಲೆಯಲ್ಲೇ ಚಿಪ್ಪು ಅಣಬೆ ಬೆಳೆಯಬಹುದು. ಬೀಜ (ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆ) ಚೆನ್ನಾಗಿದ್ದೂ ಬೆಳೆ ಕೆಟ್ಟಿತು ಎಂದರೆ ಮೊದಲು ಹುಲ್ಲಿನ ಹದವನ್ನೇ ಅನುಮಾನಿಸಬೇಕು.

ಹುಲ್ಲು ಈ ವರ್ಷದ್ದೇ ಆಗಿರಲಿ. ಹೊಂಬಣ್ಣ ಇರಬೇಕು, ಮೂಗಿಗೆ ಹಿಡಿದರೆ ಒಣ ಹುಲ್ಲಿನ ವಾಸನೆಯೇ ಬರಬೇಕು. ಮಳೆಗೆ ನೆಂದು ಕಪ್ಪಾದದ್ದು, ಮುಗ್ಗಲು ಹಿಡಿದದ್ದು ಬೇಡ. ಅದರಲ್ಲಿ ಬೇರೆ ಬೂಷ್ಟು ಆಗಲೇ ಮನೆ ಮಾಡಿರುತ್ತದೆ.

ಹುಲ್ಲನ್ನು ಎರಡು ಇಂಚಿನಷ್ಟು ತುಂಡು ಮಾಡಿ. ಗೋಣಿಚೀಲಕ್ಕೆ ತುಂಬಿ, ತಣ್ಣೀರಲ್ಲಿ ಮುಳುಗಿಸಿ, ಮೇಲೊಂದು ಕಲ್ಲು ಹೇರಿ. ರಾತ್ರಿ ನೆನೆಹಾಕಿದರೆ ಬೆಳಗ್ಗೆ ತೆಗೆಯಬಹುದು, 6ರಿಂದ 8 ಗಂಟೆ ಸಾಕು. ನಮ್ಮ ಕಡೆ ಮೆಕ್ಕೆಜೋಳವೂ ಜಾಸ್ತಿ ಅಲ್ವಾ? ಕಾಳು ಬಿಡಿಸಿದ ಬೆಂಡನ್ನು ಜಜ್ಜಿ ಕಾಲು ಭಾಗದಷ್ಟು ಬೆರೆಸಬಹುದು. ಆದರೆ ಅದು ಗಟ್ಟಿ, ಬೇರೆಯಾಗಿ ಇನ್ನೂ ಹೆಚ್ಚು ಹೊತ್ತು ನೆನೆಯಬೇಕು.

ಇನ್ನು ಬಿಸಿನೀರಿನ ಕೆಲಸ. ಸ್ನಾನದ ಹಂಡೆಯಲ್ಲಿ ನೀರು ಕಾಯಿಸಿ. ಆವಿ ಏಳುತ್ತಿರಬೇಕು, ತಳದಲ್ಲಿ ಸಣ್ಣ ಗುಳ್ಳೆ ಕಾಣಬೇಕು, ಕೊತಕೊತ ಕುದಿಯಬಾರದು. ಅಂದರೆ 70ರಿಂದ 80 ಡಿಗ್ರಿ ಸೆಲ್ಸಿಯಸ್. ನೆನೆದ ಹುಲ್ಲಿನ ಚೀಲವನ್ನು ಈ ನೀರಲ್ಲಿ ಒಂದು ಗಂಟೆ ಇಡಿ. ಹುಳುವಿನ ಮೊಟ್ಟೆ, ಅಣಬೆಗೆ ಪೈಪೋಟಿ ಕೊಡುವ ಬೂಷ್ಟು ಬಹುಪಾಲು ಇಲ್ಲೇ ಸಾಯುತ್ತವೆ. ದೊಡ್ಡ ಘಟಕಗಳಲ್ಲಿ ಬೂಷ್ಟು ಕೊಲ್ಲಲು ಫಾರ್ಮಲಿನ್, ಕಾರ್ಬೆಂಡಜಿಮ್ ಎಂಬ ರಾಸಾಯನಿಕ ಬಳಸುವುದುಂಟು. ಮಕ್ಕಳು ಓಡಾಡುವ ಮನೆಗೆ ಅದನ್ನು ತರಬೇಡಿ.

ಪೌಷ್ಟಿಕವಾಗಲಿ ಎಂದು ಗೋಧಿ ಬೂಸಾ ಬೆರೆಸುವ ಆಸೆ ಕೆಲವರಿಗೆ. ಬಿಸಿನೀರಿನ ಕ್ರಮದಲ್ಲಿ ಬೂಸಾ ಬೇಡವೇ ಬೇಡ. ಆ ಸಾರ ಅಣಬೆಗಿಂತ ಮೊದಲು ಹಸಿರು ಬೂಷ್ಟಿನ ಹೊಟ್ಟೆ ಸೇರುತ್ತದೆ.

ಈಗ ನೀರು ಬಸಿಯಬೇಕು. ನಾನು ಮೊದಲ ಸಲ ಎಡವಿದ್ದು ಇಲ್ಲೇ. ಸಂಜೆ ಆಗಿಬಿಟ್ಟಿತ್ತು, ಬೀಜವೂ ಬಂದಾಗಿತ್ತು, ಹಸಿ ಹುಲ್ಲನ್ನೇ ಅವಸರದಲ್ಲಿ ತುಂಬಿಬಿಟ್ಟೆ. ನಾಲ್ಕನೇ ದಿನಕ್ಕೆ ಚೀಲದ ತಳದಲ್ಲಿ ಕಂದು ನೀರು, ಹುಳಿ ವಾಸನೆ. ನೀರು ನಿಂತಲ್ಲಿ ಗಾಳಿ ಇರುವುದಿಲ್ಲ, ಗಾಳಿ ಇಲ್ಲದಲ್ಲಿ ಅಣಬೆಯ ಬಿಳಿ ಎಳೆ ಹಬ್ಬುವುದಿಲ್ಲ. ಮೂರೂ ಚೀಲ ತಿಪ್ಪೆಗೆ ಹೋದವು, ತುಂಬಾ ಬೇಜಾರಾಯಿತು.

ಆದ್ದರಿಂದ ಚೀಲವನ್ನು ಒಂದೆರಡು ಗಂಟೆ ತೂಗುಹಾಕಿ. ಆಮೇಲೆ ಡೆಟಾಲ್ ನೀರಲ್ಲಿ ಒರೆಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ನೆರಳಲ್ಲಿ ಹರಡಿ. ಆಗಾಗ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ ನೋಡಿ. ನೀರು ಜಿನುಗಿದರೆ ಇನ್ನೂ ಆರಬೇಕು. ಹನಿ ಬೀಳದೆ ಅಂಗೈ ಮಾತ್ರ ತೇವವಾದರೆ ಅದೇ ಹದ. ಆಗ ಹುಲ್ಲಿನಲ್ಲಿ ಶೇ 60ರಿಂದ 65ರಷ್ಟು ನೀರಿರುತ್ತದೆ. ಬೇಸಿಗೆಯ ಬಿಸಿಗಾಳಿಗೆ ಹುಲ್ಲು ಬೇಗ ಗರಿಗರಿ ಆಗಿಬಿಡುತ್ತದೆ, ಪಕ್ಕದಲ್ಲೇ ಇರಿ. ಬಿಸಿ ಪೂರ್ತಿ ಆರದೆ ಬೀಜ ಹಾಕಬೇಡಿ, ಸತ್ತುಹೋಗುತ್ತದೆ.

2 ಕೆ.ಜಿ. ಒಣ ಹುಲ್ಲು ಹದಕ್ಕೆ ಬಂದಾಗ ಹೆಚ್ಚುಕಡಿಮೆ 5 ಕೆ.ಜಿ. ತೂಗುತ್ತದೆ. ಅದಕ್ಕೆ 200 ಗ್ರಾಂ ಬೀಜ ಬೇಕು. ಜೋಳದ ಕಾಳಿನ ಮೇಲೆ ಬೆಳೆಸಿದ ಈ ಬೀಜ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ಕೈ ಸೋಪಿನಲ್ಲಿ ತೊಳೆದು, 12x18 ಇಂಚಿನ ಪ್ಲಾಸ್ಟಿಕ್ ಚೀಲಕ್ಕೆ ಮೂರು ಇಂಚು ಹುಲ್ಲು, ಅಂಚಿಗೆ ಸ್ವಲ್ಪ ಬೀಜ, ಮತ್ತೆ ಹುಲ್ಲು, ಹೀಗೆ ಒತ್ತಿ ತುಂಬಿ. ಬಾಯಿ ಕಟ್ಟಿ, ಸೂಜಿಯಿಂದ 15–20 ತೂತು ಮಾಡಿ, ಕತ್ತಲೆ ಕೋಣೆಯಲ್ಲಿಡಿ. ಎರಡು ಮೂರು ವಾರದಲ್ಲಿ ಹುಲ್ಲೆಲ್ಲ ಬೆಳ್ಳಗಾಗುತ್ತದೆ. ಎಲ್ಲಾದರೂ ಹಸಿರು ಕಂಡರೆ ಆ ಚೀಲವನ್ನು ಬಿಚ್ಚದೆ ಹಾಗೇ ಹೊರಗೆ ಸಾಗಿಸಿ.