ಇಂಗ್ಲಿಷ್ ಪಾಠ, ಪದ್ಯ: ಹತ್ತನೇ ತರಗತಿಯ ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡುವುದು ಹೇಗೆ?

ಮನೆಯಲ್ಲಿ ಹತ್ತನೇ ತರಗತಿಯ ಮಗು ಇದ್ದರೆ ಗಣಿತ ಮತ್ತು ಇಂಗ್ಲಿಷ್ ಎರಡಕ್ಕೂ ಎಲ್ಲರ ಎದೆ ಢವಢವ. ಗಣಿತಕ್ಕೆ ಟ್ಯೂಷನ್ ಹಚ್ಚುತ್ತಾರೆ. ಇಂಗ್ಲಿಷ್‌ಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಡಾವಣೆ ಕಡೆ ಹೋಗಿ ಒಂದು ಗೈಡ್ ತಂದು ಕೈಗಿಡುತ್ತಾರೆ. ಮಗು ಆ ಗೈಡಿನ ಉತ್ತರಗಳನ್ನು ಬಾಯಿಪಾಠ ಮಾಡುತ್ತದೆ. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಮುಗಿಯಿತು, ಪೆನ್ನು ನಿಂತುಬಿಡುತ್ತದೆ.

ನಮ್ಮ ಕಲ್ಯಾಣ ಕರ್ನಾಟಕ ಭಾಗದ ಹತ್ತನೇ ತರಗತಿ ಫಲಿತಾಂಶ ಎಲ್ಲರಿಗೂ ಗೊತ್ತೇ ಇದೆ. 2024ರಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು, 2025ರ ಪರೀಕ್ಷೆ-1ರಲ್ಲಿ (ಆ ವರ್ಷದ ಮೊದಲ ಸಲದ ಪರೀಕ್ಷೆ) ಆ ಸ್ಥಾನ ಕಲಬುರಗಿಗೆ ಬಂತು. ಯಾಕೆ ಹೀಗೆ ಅನ್ನುವುದು ದೊಡ್ಡ ಚರ್ಚೆ, ಇಲ್ಲಿ ಬೇಡ. ಈ ಲೇಖನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವ ಅಕ್ಕ, ಅಣ್ಣ, ಕಾಕಾ ಅವರಿಗೆ. ಸಂಜೆ ಕ್ಲಾಸು ನಡೆಸುವ ಹೊಸ ಶಿಕ್ಷಕರಿಗೆ. ನಿಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೂ ನಡೆಯುತ್ತದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಪಠ್ಯಪುಸ್ತಕಕ್ಕಿಂತ ಮೊದಲು ಪ್ರಶ್ನೆಪತ್ರಿಕೆ

ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಬರೆಯುವ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ ಮೌಲ್ಯಮಾಪನಕ್ಕೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಸಿಗುತ್ತದೆ. ಹಳೆಯ ವರ್ಷದ ಪತ್ರಿಕೆಗಳು ಶಾಲೆಯಲ್ಲೂ ಇರುತ್ತವೆ. ಒಂದೆರಡು ಪ್ರಿಂಟ್ ತೆಗೆಸಿ. ಪಾಠ ಮತ್ತು ಪದ್ಯದಿಂದ ಬಂದ ಪ್ರಶ್ನೆಗಳಿಗೆಲ್ಲ ಮಗುವಿನ ಕೈಯಿಂದಲೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಸಿ. ಗ್ರಾಮರ್, ಪತ್ರ, ಪ್ರಬಂಧ ಹಾಗೇ ಬಿಡಲಿ.

ಈಗ ಕೆಂಪು ಸುತ್ತುಗಳನ್ನು ನೋಡಿ. ಒಂದು ವಾಕ್ಯದ ಉತ್ತರ ಕೇಳುವುದು, ಎರಡು ಮೂರು ವಾಕ್ಯ ಕೇಳುವುದು, ನಾಲ್ಕು ಸಾಲು ಕೊಟ್ಟು 'ಯಾರು ಹೇಳಿದರು, ಯಾರಿಗೆ, ಯಾಕೆ' ಅಂತ ಕೇಳುವ ಎಕ್ಸ್‌ಟ್ರ್ಯಾಕ್ಟ್, ದೊಡ್ಡ ಉತ್ತರ, ಕೊನೆಗೆ ಬಾಯಿಪಾಠದ ಪದ್ಯ. ಹೆಚ್ಚುಕಡಿಮೆ ಇಷ್ಟೇ. 'ಇಂಗ್ಲಿಷ್ ಅಂದ್ರ ಸಮುದ್ರ' ಅನ್ನುವ ಹೆದರಿಕೆ ಅರ್ಧ ಇಲ್ಲೇ ಇಳಿಯುತ್ತದೆ.

ಕಥೆಯನ್ನು ಮಗುವಿನ ಬಾಯಿಂದ ಕೇಳಿ

ಎಲ್ಲಕ್ಕಿಂತ ಮುಖ್ಯ ಇದು. ಪುಸ್ತಕ ಮುಚ್ಚಿಸಿ. 'ಈ ಪಾಠದಾಗ ಏನಾಯ್ತು ಹೇಳು' ಅನ್ನಿ. ಇಂಗ್ಲಿಷಿನಲ್ಲಿ ಬೇಡ, ಪುಸ್ತಕದ ಕನ್ನಡದಲ್ಲೂ ಬೇಡ. ಮನೆಯಲ್ಲಿ ಮಾತಾಡುವ ಹಾಗೆ ಹೇಳಲಿ. ಉರ್ದು ಶಾಲೆಯ ಮಗು ದಖನಿಯಲ್ಲಿ ಹೇಳಲಿ, ಆಳಂದದ ಗಡಿ ಕಡೆಯ ಮಗುವಿಗೆ ಮರಾಠಿ ಹಗುರ ಅನಿಸಿದರೆ ಮರಾಠಿಯಲ್ಲಿ ಹೇಳಲಿ.

ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಪಾಠವನ್ನೇ ತೆಗೆದುಕೊಳ್ಳಿ. ಹಳ್ಳಿ ಹುಡುಗನೊಬ್ಬ ಹುಲಿಯ ಜೊತೆ ಹೋರಾಡಿದ ಸುದ್ದಿಯನ್ನು ಸ್ವಾಮಿಯ ಅಪ್ಪ ಪೇಪರಿನಲ್ಲಿ ಓದುತ್ತಾರೆ. ಧೈರ್ಯವೇ ಎಲ್ಲ, ಶಕ್ತಿ, ವಯಸ್ಸು ಮುಖ್ಯವಲ್ಲ ಅನ್ನುತ್ತಾರೆ. ಸ್ವಾಮಿ ಒಪ್ಪುವುದಿಲ್ಲ. ಹಾಗಾದರೆ ಇವತ್ತು ರಾತ್ರಿ ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಅಂತ ಅಪ್ಪನ ಸವಾಲು. ದಿನಾ ಅಜ್ಜಿಯ ಪಕ್ಕ ಮಲಗುವ ಹುಡುಗ ಅವನು.

ಸೇಡಂ ಕಡೆಯ ಒಬ್ಬ ಹುಡುಗ ಮುಂದಿನದನ್ನು ಹೀಗೆ ಹೇಳಿದ: "ಸ್ವಾಮಿ ಏನ್ ಶೂರ ಅಲ್ರೀ ಸರ್. ಅಂವ ಅಂಜಿ ಬೆಂಚಿನ ಬುಡಕ ಹೋಗಿ ಮಕ್ಕೊಂಡಿದ್ದ. ಕತ್ತಲದಾಗ ಏನೋ ಬಂತು. ದೆವ್ವ ಅಂತ ತಿಳಕೊಂಡು ಕಚ್ಚಿಬಿಟ್ಟ. ನೋಡಿದ್ರ ಕಳ್ಳ!"

ಪಾಠದ ಜೀವವೇ ಇದರಲ್ಲಿದೆ. ಅದೇ ಹುಡುಗನ ನೋಟ್‌ಬುಕ್ ತೆಗೆದರೆ, ಗೈಡಿನಿಂದ ಇಳಿಸಿಕೊಂಡ ಉತ್ತರ 'ಸ್ವಾಮಿ ವಾಸ್ ಎ ವೆರಿ ಬ್ರೇವ್ ಬಾಯ್' ಅಂತ ಶುರುವಾಗಿತ್ತು. ಹುಡುಗನಿಗೆ ಪಾಠ ಗೊತ್ತಿದೆ, ಆದರೆ ಗೊತ್ತಿರುವುದನ್ನು ಬರೆಯಬಹುದು ಅಂತ ಅವನಿಗೆ ಯಾರೂ ಹೇಳಿಲ್ಲ. ಎಷ್ಟೋ ಮಕ್ಕಳ ಕಥೆ ಇದೇ.

ಅವನು ಹೇಳಿದ್ದನ್ನೇ ಒಂದೊಂದಾಗಿ ಇಂಗ್ಲಿಷಿಗೆ ತನ್ನಿ. 'ಸ್ವಾಮಿ ವಾಸ್ ಅಫ್ರೇಡ್. ಹಿ ಸ್ಲೆಪ್ಟ್ ಅಂಡರ್ ದ ಬೆಂಚ್. ಹಿ ಥಾಟ್ ಇಟ್ ವಾಸ್ ಎ ಡೆವಿಲ್. ಹಿ ಬಿಟ್ ಇಟ್. ಇಟ್ ವಾಸ್ ಎ ಬರ್ಗ್ಲರ್.' ಎಲ್ಲ ಪುಟ್ಟ ವಾಕ್ಯಗಳು. ತಪ್ಪಾಗಲು ಜಾಗವೇ ಕಡಿಮೆ. ಇಷ್ಟು ಕೈಯಲ್ಲಿದ್ದರೆ 'ಸ್ವಾಮಿ ನಿಜವಾಗಿ ಹೀರೋ ಹೌದಾ' ಅನ್ನುವ ದೊಡ್ಡ ಪ್ರಶ್ನೆಗೂ ಉತ್ತರ ಕಟ್ಟಬಹುದು. ಮರುದಿನ ಹೆಡ್‌ಮಾಸ್ತರ್ ಹೊಗಳಿದ್ದು, ಅಪ್ಪ ಕ್ಲಬ್ಬಿನಿಂದ ಬರುವಷ್ಟರಲ್ಲಿ ಸ್ವಾಮಿ ಮತ್ತೆ ಅಜ್ಜಿಯ ಪಕ್ಕ ಮಲಗಿದ್ದು, ಎರಡನ್ನೂ ಸೇರಿಸಿದರೆ ಆಯಿತು.

ಪ್ರತಿ ಪಾಠಕ್ಕೂ ಅರ್ಧ ಹಾಳೆ ಇಡಿ. ಹೆಸರುಗಳು, ಊರು, ಯಾರಿಗೆ ಏನು ಬೇಕಿತ್ತು, ಎಲ್ಲಿ ತಿರುವು ಬಂತು, ಕೊನೆಗೆ ಏನಾಯ್ತು. ಹೆಸರಿನ ಸ್ಪೆಲ್ಲಿಂಗ್ ಮಾತ್ರ ಪುಸ್ತಕ ನೋಡಿಯೇ ಬರೆಸಿ.

ಪದ್ಯ: ಮಾತಾಡುತ್ತಿರುವುದು ಯಾರು?

ಪದ್ಯ ಅಂದರೆ ಮಕ್ಕಳು ಮೊದಲ ಸಾಲಿಗೇ ಸೋಲುತ್ತಾರೆ. ಪದದ ಅರ್ಥ ಹುಡುಕಲು ಹೋಗುವುದೇ ಅದಕ್ಕೆ ಕಾರಣ. ಅದಕ್ಕಿಂತ ಮೊದಲು ಕೇಳಬೇಕಾದ್ದು: ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಈ ಮಾತು ಹೇಳುತ್ತಿದ್ದಾರೆ?

ಶೇಕ್ಸ್‌ಪಿಯರನ 'ಕ್ವಾಲಿಟಿ ಆಫ್ ಮರ್ಸಿ' ಇದಕ್ಕೆ ಒಳ್ಳೆಯ ಉದಾಹರಣೆ. ಇದು ಬಿಡಿ ಪದ್ಯ ಅಲ್ಲ, 'ದ ಮರ್ಚೆಂಟ್ ಆಫ್ ವೆನಿಸ್' ನಾಟಕದ ಕೋರ್ಟಿನ ದೃಶ್ಯದಲ್ಲಿ ಬರುವ ಮಾತು. ಮೊದಲು ಆ ಕಥೆ ಹೇಳಿ. ಆಂಟೋನಿಯೋ ಅನ್ನುವ ವ್ಯಾಪಾರಿ ತನ್ನ ಗೆಳೆಯನಿಗಾಗಿ ಶೈಲಾಕ್ ಎಂಬ ಬಡ್ಡಿ ವ್ಯಾಪಾರಿಯಿಂದ ಮೂರು ಸಾವಿರ ಡ್ಯೂಕಟ್ (ಆ ಕಾಲದ ನಾಣ್ಯ) ಸಾಲ ತರುತ್ತಾನೆ. ಹೇಳಿದ ದಿನಕ್ಕೆ ತೀರಿಸದಿದ್ದರೆ ನನ್ನ ಮೈಯಿಂದ ಒಂದು ಪೌಂಡ್ ಮಾಂಸ ಕೊಯ್ದುಕೋ ಅಂತ ಪತ್ರ ಬರೆದುಕೊಡುತ್ತಾನೆ. ಹೊತ್ತಿಗೆ ದುಡ್ಡು ಬರುವುದಿಲ್ಲ. ಸಾಲ, ಪತ್ರ, ವಾಯಿದೆ ಅಂದರೆ ಏನು ಅಂತ ನಮ್ಮ ತೊಗರಿ ಬೆಳೆಯುವ ಊರುಗಳ ಮಕ್ಕಳಿಗೆ ಬಿಡಿಸಿ ಹೇಳುವುದು ಬೇಕಿಲ್ಲ. ಕ್ಲಾಸಿನಲ್ಲಿ ಈ ಕಥೆಗೆ ಪಿನ್‌ಡ್ರಾಪ್ ಸೈಲೆನ್ಸ್.

ಶೈಲಾಕ್ ಚಾಕು ಹಿಡಿದು ಕೋರ್ಟಿನಲ್ಲಿ ನಿಂತಿದ್ದಾನೆ. ಆಂಟೋನಿಯೋನ ಆ ಗೆಳೆಯನ ಹೆಂಡತಿ ಪೋರ್ಷಿಯಾ ಗಂಡು ವೇಷದಲ್ಲಿ ವಕೀಲನಾಗಿ ಬಂದಿದ್ದಾಳೆ. ನೀನು ದಯೆ ತೋರಿಸಲೇಬೇಕು ಅನ್ನುತ್ತಾಳೆ. ಯಾವ ಒತ್ತಾಯಕ್ಕೆ ತೋರಿಸಬೇಕು ಹೇಳು ಅಂತ ಶೈಲಾಕ್ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರವೇ ಪದ್ಯದ ಮೊದಲ ಸಾಲು. ದಯೆ ಒತ್ತಾಯಕ್ಕೆ ಬರುವುದಲ್ಲ, ಆಕಾಶದಿಂದ ಮೆಲ್ಲಗೆ ಬೀಳುವ ಮಳೆಯ ಹಾಗೆ ತಾನಾಗಿ ಬರುತ್ತದೆ. ಶೈಲಾಕನ ಪ್ರಶ್ನೆ ಪಠ್ಯದಲ್ಲಿ ಕಾಣುವುದಿಲ್ಲ. ಹಾಗಾಗಿ ನೀವೇ ಹೇಳಬೇಕು.

ಆಮೇಲೆ ಸಾಲು ಸಾಲಾಗಿ ನಿಲ್ಲಿಸಬೇಡಿ. ಮಳೆಯ ಮಾತು ಒಂದು ಸಾಲಿನಲ್ಲಿ ಶುರುವಾಗಿ ಮುಂದಿನ ಸಾಲಿನ ಮಧ್ಯದಲ್ಲಿ ಮುಗಿಯುತ್ತದೆ. ಸಾಲಿನ ಕೊನೆಗೆ ನಿಂತರೆ ಅರ್ಥ ತುಂಡಾಗುತ್ತದೆ. ಪೂರ್ಣವಿರಾಮ ಬರುವ ತನಕ ಓದಿಸಿ. 'ಡ್ರಾಪೆತ್', 'ಬ್ಲೆಸೆತ್' ಎಂಬ ಹಳೆಯ ರೂಪಗಳು ಈಗಿನ 'ಡ್ರಾಪ್ಸ್', 'ಬ್ಲೆಸಸ್' ಅಷ್ಟೇ. ಉತ್ತರದಲ್ಲಿ ಈಗಿನ ರೂಪವನ್ನೇ ಬರೆಯಲಿ.

ಅಲಂಕಾರದ ಪ್ರಶ್ನೆ ಬಂದರೆ ಮಳೆಯ ಸಾಲನ್ನು ತೋರಿಸಿ. 'ಆ್ಯಸ್' ಅಂತ ಹೋಲಿಸಿದ್ದಾನೆ, ಹಾಗಾಗಿ ಸಿಮಿಲಿ, ಅಂದರೆ ಉಪಮೆ. ಮುಂದೆ ರಾಜನ ಕೈಯ ದಂಡ ಬರುತ್ತದೆ. ದಂಡ ಜನರಲ್ಲಿ ಹೆದರಿಕೆ ಹುಟ್ಟಿಸುತ್ತದೆ, ದಯೆ ರಾಜನ ಎದೆಯೊಳಗೆ ಕೂತಿರುತ್ತದೆ. ಒಂದು ಕೈಯಲ್ಲಿ, ಒಂದು ಎದೆಯಲ್ಲಿ. ಹೀಗೆ ಚಿತ್ರವಾಗಿ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ದಯೆ ಅಂದ ಕೂಡಲೇ ನಮ್ಮ ಮಕ್ಕಳಿಗೆ ಬಸವಣ್ಣ ನೆನಪಾಗುತ್ತಾರೆ. ಹೊಲದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಟ್ಟ ಶರಣಬಸವೇಶ್ವರರ ಕಥೆಯೂ ನೆನಪಾಗುತ್ತದೆ. ಅರ್ಥ ಮಾಡಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಖಂಡಿತ ಬಳಸಿ. ಆದರೆ ಉತ್ತರಪತ್ರಿಕೆಯಲ್ಲಿ ಪೋರ್ಷಿಯಾ ಏನು ಹೇಳಿದಳೋ ಅದೇ ಇರಲಿ. ಅಂಕ ಸಿಗುವುದು ಪದ್ಯದ ಮಾತಿಗೆ.

ಬರೆಯುವ ಅಭ್ಯಾಸ

ಮೂರು ನಿಯಮ ಸಾಕು. ಒಂದು, ಪ್ರಶ್ನೆಯ ಪದಗಳಿಂದಲೇ ಉತ್ತರ ಶುರುವಾಗಲಿ. 'ಮರ್ಸಿ ಯಾಕೆ ಟ್ವೈಸ್ ಬ್ಲೆಸ್ಡ್' ಅಂತ ಕೇಳಿದರೆ, 'ಮರ್ಸಿ ಈಸ್ ಟ್ವೈಸ್ ಬ್ಲೆಸ್ಡ್ ಬಿಕಾಸ್ ಇಟ್ ಬ್ಲೆಸಸ್ ದ ಗಿವರ್ ಆ್ಯಂಡ್ ದ ಟೇಕರ್.' ಎರಡು ಅಂಕಕ್ಕೆ ಎರಡು ವಿಷಯ, ಎರಡೂ ಇಲ್ಲಿವೆ. 'ವೈ' ಅಂತ ಕೇಳಿದರೆ ಉತ್ತರದಲ್ಲಿ 'ಬಿಕಾಸ್' ಇದೆಯಾ ಅಂತ ನೋಡಿ. ಎರಡು, ಮೊದಲ ವಾಕ್ಯದಲ್ಲಿ ಹೆಸರು ಬರಲಿ, 'ಹಿ', 'ಶಿ' ಆಮೇಲೆ. ಎಕ್ಸ್‌ಟ್ರ್ಯಾಕ್ಟಿನಲ್ಲಿ 'ಹಿ ಸೆಡ್ ಟು ಹಿಮ್' ಅಂತ ಬರೆದರೆ ಯಾರು ಯಾರಿಗೆ ಅಂತ ತಿಳಿಯುವುದಾದರೂ ಹೇಗೆ? ಮೂರು, ಕ್ರಿಯಾಪದದ ಜಾಗ. ಕನ್ನಡದಲ್ಲಿ ಅದು ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ. 'ಸ್ವಾಮಿ ಬರ್ಗ್ಲರ್ ಬಿಟ್' ಅಂತ ಬರೆದರೆ ಬೈಯಬೇಡಿ. ಮಗು ಕನ್ನಡದಲ್ಲಿ ಯೋಚಿಸಿದೆ ಅಷ್ಟೇ. ಯಾರು, ಏನು ಮಾಡಿದರು, ಯಾರಿಗೆ ಅಥವಾ ಯಾವುದಕ್ಕೆ, ಈ ಕ್ರಮದಲ್ಲಿ ಮತ್ತೆ ಜೋಡಿಸಲು ಹೇಳಿ.

ನಿಮಗೆ ಇಂಗ್ಲಿಷ್ ತಿದ್ದಲು ಬರದಿದ್ದರೆ ಚಿಂತೆ ಬೇಡ. ಮಗು ಬರೆದದ್ದನ್ನು ಅದರ ಬಾಯಿಂದಲೇ ಕನ್ನಡದಲ್ಲಿ ಹೇಳಿಸಿ. ಕಥೆಯ ಜೊತೆ ತಾಳೆಯಾಗದಿದ್ದರೆ ನಿಮಗೇ ಗೊತ್ತಾಗುತ್ತದೆ. ವಾಕ್ಯದ ತಪ್ಪುಗಳನ್ನು ಶಾಲೆಯ ಶಿಕ್ಷಕರು ನೋಡಿಕೊಳ್ಳುತ್ತಾರೆ.

ಇನ್ನು ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾಗುವಷ್ಟು ಪ್ರಶ್ನೆ, ಉತ್ತರ ಆರಿಸಿ ಕೊಡುವ ಕಿರು ನೋಟ್ಸು. ಹಿಂದುಳಿದ ಮಕ್ಕಳಿಗೆ ಅದು ಆಸರೆ, ನಾನು ಬೇಡ ಅನ್ನುವುದಿಲ್ಲ. ಆದರೆ ಅದನ್ನು ಜನವರಿಗಿಂತ ಮೊದಲು ಕೈಗೆ ಕೊಟ್ಟರೆ ಪುಸ್ತಕ ಮೂಲೆ ಸೇರುತ್ತದೆ.

ಬಾಯಿಪಾಠದ ಪದ್ಯ

ದಿನಕ್ಕೆ ಎರಡೇ ಸಾಲು. ಬೆಳಿಗ್ಗೆ ಜೋರಾಗಿ ಹೇಳಲಿ, ಸಂಜೆ ನೋಡದೆ ಬರೆಯಲಿ. ಬರೆಯದಿದ್ದರೆ ಸ್ಪೆಲ್ಲಿಂಗ್ ಕೈಗೆ ಹತ್ತುವುದಿಲ್ಲ. ಮಾರ್ಚ್ ಬಂತೆಂದರೆ ಕಲಬುರಗಿಯಲ್ಲಿ ಮಧ್ಯಾಹ್ನ ಓದುವುದು ಸುಮ್ನೆ ಹಟ. ಐದಕ್ಕೆ ಎಬ್ಬಿಸಿ ಮಾಳಿಗೆ ಮೇಲೆ ಕೂರಿಸಿ, ತಂಪು ಹೊತ್ತಿನ ಎರಡು ತಾಸು ಸಾಕು. ಸಾಲುಗಳ ಕೊನೆಯ ಅಲ್ಪವಿರಾಮ, ದೊಡ್ಡಕ್ಷರಗಳನ್ನೂ ಪುಸ್ತಕದಲ್ಲಿದ್ದಂತೆಯೇ ಬರೆಸಿ.

ಪರೀಕ್ಷೆಯ ದಿನ

ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರೆ. ಆಗ ಗೊತ್ತಿರುವ ಪಾಠ ಮತ್ತು ಪದ್ಯದ ಪ್ರಶ್ನೆಗಳನ್ನು ಗುರುತು ಹಾಕಿಕೊಳ್ಳಲಿ. ಬಾಯಿಪಾಠದ ಪದ್ಯವನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು, ನಂತರ ಗಡಿಬಿಡಿಯಲ್ಲಿ ಸಾಲು ಹಾರಿಹೋಗುತ್ತದೆ. ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಿದರೆ ಯಾವ ಕ್ರಮದಲ್ಲಿ ಬರೆದರೂ ನಡೆಯುತ್ತದೆ. ಪೂರ್ತಿ ಗೊತ್ತಿಲ್ಲದಿದ್ದರೂ ಗೊತ್ತಿರುವ ಒಂದು ವಾಕ್ಯವಾದರೂ ಬರೆಯಲಿ. ಖಾಲಿ ಬಿಟ್ಟ ಜಾಗಕ್ಕೆ ಯಾರೂ ಅಂಕ ಕೊಡಲಾರರು.

ಕಾಪಿ ಚೀಟಿಯ ಮಾತನ್ನು ಮನೆಯಲ್ಲೇ ಮುಗಿಸಿಬಿಡಿ. 2024ರಿಂದ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡುತ್ತಿದ್ದಾರೆ. ಹೊರಗೆ ಕಿಟಕಿ ಹತ್ತಿರ ನಿಲ್ಲುವ ಅಣ್ಣಂದಿರಿಗೂ ಇದು ಗೊತ್ತಿರಲಿ.

2023-24ರಿಂದ ಒಂದೇ ಶೈಕ್ಷಣಿಕ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಬಂದದ್ದರಲ್ಲಿ ಹೆಚ್ಚಿನ ಅಂಕವೇ ಉಳಿಯುತ್ತದೆ. ಮೊದಲ ಸಲ ಇಂಗ್ಲಿಷ್ ಕೈಕೊಟ್ಟರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ. ಅದಕ್ಕೆ ಕೊಡುವ ದಿನಗಳು ಕಡಿಮೆ, ಫಲಿತಾಂಶ ಬಂದ ದಿನವೇ ಶಾಲೆಯಲ್ಲಿ ವಿಚಾರಿಸಿ. ಪ್ರತಿ ಕೈಗೆ ಬಂದ ಮೇಲೆ ಕೆಂಪು ಪೆನ್ನು ಹಿಡಿದು ಮಗುವಿನ ಜೊತೆ ಕೂತು ನೋಡಿ: ಕಥೆಯೇ ಗೊತ್ತಿಲ್ಲದೆ ಹೋದ ಅಂಕ ಎಷ್ಟು, ಗೊತ್ತಿದ್ದೂ ಬರೆಯಲಾಗದೆ ಹೋದದ್ದು ಎಷ್ಟು? ಮೊದಲನೆಯದು ಜಾಸ್ತಿ ಇದ್ದರೆ ಅರ್ಧ ಹಾಳೆಗಳಿಗೆ ಮರಳಿ. ಎರಡನೆಯದಾದರೆ ಪರೀಕ್ಷೆ-2ರ ತನಕ ದಿನಕ್ಕೆ ಐದು ಉತ್ತರ ಬರೆಸಿ, ಹೊಸ ಪಾಠ ಮುಟ್ಟಬೇಡಿ.